ಕಾರು ನಮ್ಮದು, ಬೀಗದ ಕೈ ಯಾರದು?

ಹಳೆಯ ವಿಡಿಯೋ ಗೇಮೊಂದನ್ನು ತೊಳೆದು, ಒರೆಸಿ, 'ಸುಧಾರಿತ ಆವೃತ್ತಿ' ಎಂಬ ಚೀಟಿ ಅಂಟಿಸಿ ಮತ್ತೆ ಮಾರುಕಟ್ಟೆಗೆ ಬಿಟ್ಟಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: 'ನೋಡಿ, ಕಂಪೆನಿಯವರು ಪರಂಪರೆಯನ್ನು ಉಳಿಸಿದರು.' ವಿಮರ್ಶೆಗಳಲ್ಲಿ, ಜಾಹೀರಾತುಗಳಲ್ಲಿ, ಆಟದ ಹುಚ್ಚು ಹಿಡಿಸಿಕೊಂಡವರ ಹರಟೆಯಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಅದನ್ನು ಪ್ರಶ್ನಿಸಬೇಕೆಂದು ಯಾರಿಗೂ ತೋಚುವುದಿಲ್ಲ. ನಾವು ಪ್ರಶ್ನಿಸುತ್ತೇವೆ. ಮತ್ತೆ ಮಾರುವುದು ಒಂದು ಕೆಲಸ, ಉಳಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಎಂದು ನಂಬಿಸುವುದು ಮೋಸ. ಇದನ್ನು ಹೇಳಲು ನಾವು ಆರಿಸಿಕೊಂಡಿರುವುದು ಯಾವುದೋ ಕಳಪೆ ಸರಕನ್ನಲ್ಲ, ಇರುವುದರಲ್ಲೇ ಅತ್ಯುತ್ತಮವಾದುದನ್ನು. ಒಳ್ಳೆಯ ಕೊಡದಲ್ಲೇ ತೂತು ಕಂಡರೆ ಒಡಕು ಕೊಡದ ಬಗ್ಗೆ ಮಾತಾಡುವ ಅಗತ್ಯವೇ ಇರುವುದಿಲ್ಲ.

ಆಟದ ಹೆಸರು 'ಔಟ್‌ರನ್'. 1986ರಲ್ಲಿ ಜಪಾನಿನ ಸೇಗಾ ಕಂಪೆನಿ ಇದನ್ನು ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಿಗೆ ಬಿಡುಗಡೆ ಮಾಡಿತು. ಕೆಂಪು ಬಣ್ಣದ, ಮೇಲ್ಛಾವಣಿ ಇಲ್ಲದ ಒಂದು ಫೆರಾರಿ ಕಾರು. ಪಕ್ಕದಲ್ಲಿ ಹೊಂಗೂದಲಿನ ಹೆಂಗಸು. ಎದುರಿಗೆ ಕಡಲ ತೀರ, ತಾಳೆ ಮರಗಳು, ನೀಲಿ ಆಕಾಶ. ಹೊರಡುವ ಮುನ್ನ ಕಾರಿನ ರೇಡಿಯೋದಲ್ಲಿ ಮೂರು ರಾಗಗಳಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು. ದಾರಿ ಪ್ರತಿ ಹಂತದ ಕೊನೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಐದು ಹಂತ, ಒಟ್ಟು 15 ಸೀಮೆ, ಐದು ಬೇರೆ ಬೇರೆ ಕೊನೆಗಳು. ಒಬ್ಬ ಆಟಗಾರ ಒಂದು ನಾಣ್ಯಕ್ಕೆ ಕಾಣುವುದು ಹೆಚ್ಚೆಂದರೆ ಐದು ಸೀಮೆಗಳನ್ನು. ಉಳಿದ ಹತ್ತು ಇನ್ನೊಂದು ನಾಣ್ಯಕ್ಕೆ, ಇನ್ನೊಂದು ಸಂಜೆಗೆ.

ಇದನ್ನು ಕಾರ್ ರೇಸ್ ಆಟವೆಂದು ಎಲ್ಲರೂ ಕರೆಯುತ್ತಾರೆ. ಆದರೆ ಇದರ ನಿರ್ಮಾತೃ ಯು ಸುಝುಕಿ ಮೊದಲಿನಿಂದಲೂ ಹೇಳಿಕೊಂಡು ಬಂದದ್ದು ಬೇರೆ: ಇದು ರೇಸ್ ಅಲ್ಲ, ಕಾರು ಓಡಿಸುವ ಆಟ. ನಿಜವೂ ಹೌದು. ಇಲ್ಲಿ ಸೋಲಿಸಬೇಕಾದ ಎದುರಾಳಿಯಿಲ್ಲ. ರಸ್ತೆಯಲ್ಲಿ ಸಿಗುವ ಲಾರಿ, ಕಾರುಗಳು ತಮ್ಮ ಪಾಡಿಗೆ ತಾವು ಹೋಗುತ್ತಿರುತ್ತವೆ. ಹಗೆ ಇರುವುದು ಗಡಿಯಾರದ ಜೊತೆಗೆ ಮಾತ್ರ. ಸುಝುಕಿ ಯುರೋಪಿಗೆ ಹೋಗಿ, ಫ್ರಾಂಕ್‌ಫರ್ಟಿನಿಂದ ಬಾಡಿಗೆ ಕಾರಿನಲ್ಲಿ ಹೊರಟು, ಕಂಡ ಊರು-ಕೇರಿ, ಬೆಟ್ಟ-ಬಯಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ಈ ದಾರಿಗಳನ್ನು ಕಟ್ಟಿದವರು. ಆಗಿನ ಯಂತ್ರಕ್ಕೆ ನಿಜವಾದ ಮೂರು ಆಯಾಮದ ದೃಶ್ಯ ಬಿಡಿಸುವ ತಾಕತ್ತು ಇರಲಿಲ್ಲ. ಚಪ್ಪಟೆ ಚಿತ್ರಗಳನ್ನೇ ದೂರದಲ್ಲಿ ಚಿಕ್ಕದಾಗಿ, ಹತ್ತಿರ ಬಂದಂತೆ ದೊಡ್ಡದಾಗಿ, ಒಂದರ ಹಿಂದೊಂದರಂತೆ ಸರಸರನೆ ತೋರಿಸಿ ಕಣ್ಣಿಗೆ ರಸ್ತೆಯ ಭ್ರಮೆ ಹುಟ್ಟಿಸಿದರು. ಅಂಗಡಿಗಳಲ್ಲಿ ಇದರ ದೊಡ್ಡ ಯಂತ್ರ ಕಾರಿನದೇ ಆಕಾರದಲ್ಲಿತ್ತು. ಚಕ್ರ ತಿರುಗಿಸಿದರೆ ಮೋಟಾರಿನ ಬಲದಿಂದ ಕುಳಿತ ಆಸನವೂ ವಾಲುತ್ತಿತ್ತು. ಸಂಗೀತ ಹಿರೋಶಿ ಕವಾಗುಚಿಯವರದು. ಸುಮಾರು ಹತ್ತು ತಿಂಗಳಲ್ಲಿ ಒಂದು ಸಣ್ಣ ತಂಡ ಮಾಡಿ ಮುಗಿಸಿದ ಕೆಲಸ ಇದು.

ಇಂಥ ಕೆಲಸವನ್ನು ಕಲೆ ಎನ್ನಬೇಕೋ ಬೇಡವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಮನುಷ್ಯರ ಕೈ, ಕಣ್ಣು, ಕಿವಿ, ಲೆಕ್ಕ ಎಲ್ಲವೂ ಸೇರಿ ಆದ ಕೆಲಸ ಎಂಬುದನ್ನಂತೂ ಯಾರೂ ಅಲ್ಲಗಳೆಯಲಾರರು.

ಈಗ ಸುಧಾರಿತ ಆವೃತ್ತಿಗೆ ಬರೋಣ. 2014ರಲ್ಲಿ ಜಪಾನಿನಲ್ಲಿ, ಮರುವರ್ಷ ಉಳಿದ ದೇಶಗಳಲ್ಲಿ, ನಿಂಟೆಂಡೊ ಕಂಪೆನಿಯ ತ್ರೀಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ 'ತ್ರೀಡಿ ಔಟ್‌ರನ್' ಬಂತು. ಸೇಗಾ ಪರವಾಗಿ ಇದನ್ನು ಸಿದ್ಧಪಡಿಸಿದ್ದು ಎಂ-ಟೂ ಎಂಬ ಜಪಾನೀ ಸಂಸ್ಥೆ. ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಒಗ್ಗಿಸುವುದರಲ್ಲಿ ಇವರನ್ನು ಮೀರಿಸಿದವರು ಕಡಿಮೆ. ಮೂಲದ ಆಟ ಸೆಕೆಂಡಿಗೆ 30 ಚಿತ್ರಗಳಂತೆ ಓಡುತ್ತಿತ್ತು. ಇವರು ಅದನ್ನು 60ಕ್ಕೆ ಏರಿಸಿದರು. ಪರದೆಯನ್ನು ಅಗಲ ಮಾಡಿದರು. ಆ ಹಳೆಯ ವಾಲುವ ಯಂತ್ರದ ಅನುಭವ ಗೊತ್ತಿಲ್ಲದ ಹುಡುಗರಿಗಾಗಿ ಪರದೆಯೇ ವಾಲುವಂತೆ ಮಾಡಿದರು. ಹಳೆಯ ರಾಗಗಳ ಪಕ್ಕದಲ್ಲಿ ಅದೇ ಧಾಟಿಯ ಹೊಸ ರಾಗಗಳನ್ನು ಸೇರಿಸಿದರು. 2018ರಲ್ಲಿ ಜಪಾನಿನಲ್ಲಿ, 2019ರ ಆರಂಭದಲ್ಲಿ ಹೊರದೇಶಗಳಲ್ಲಿ ಇದೇ ಕೆಲಸದ ಮುಂದುವರಿಕೆ 'ಸೇಗಾ ಏಜಸ್' ಹೆಸರಿನಲ್ಲಿ ಸ್ವಿಚ್ ಯಂತ್ರಕ್ಕೂ ಬಂತು.

ಮಾಡಿದವರ ಶ್ರದ್ಧೆಗೆ ನಮ್ಮ ಸಲಾಮು. 30ನ್ನು 60 ಮಾಡುವುದು ಕೇವಲ ನಕಲು ತೆಗೆಯುವ ಕೆಲಸವಲ್ಲ. ಕಾರಿನ ಚಲನೆಯ ಲೆಕ್ಕವನ್ನು ಮತ್ತೆ ಹೊಂದಿಸಬೇಕು. ಹೊಂದಿಸಿಯೂ ಹಳೆಯ ಆಟಗಾರನ ಕೈಗೆ 'ಇದು ಅದೇ' ಅನ್ನಿಸಬೇಕು. ಅದನ್ನು ಅವರು ಸಾಧಿಸಿದ್ದಾರೆ. ನಮ್ಮ ತಕರಾರು ಆ ಕೆಲಸಗಾರರ ಮೇಲಲ್ಲ. ಅವರ ಕೆಲಸವನ್ನು ಯಾವ ಕರಾರಿನ ಮೇಲೆ ನಮಗೆ ಕೊಡುತ್ತಾರೆ, ಯಾವಾಗ ಕಿತ್ತುಕೊಳ್ಳುತ್ತಾರೆ ಎಂಬುದರ ಮೇಲೆ.

ಮೊದಲನೆಯದಾಗಿ, ಕಾರೇ ಇಲ್ಲ. ಔಟ್‌ರನ್ ಅಂದರೆ ಜನರ ಕಣ್ಣ ಮುಂದೆ ನಿಲ್ಲುವುದು ಆ ಕೆಂಪು ಫೆರಾರಿ ಟೆಸ್ಟರೋಸಾ. 1986ರಲ್ಲಿ ಸೇಗಾ ಅದನ್ನು ಪರವಾನಗಿ ಪಡೆಯದೆಯೇ ಬಳಸಿಕೊಂಡಿತ್ತು. ಕಾಲ ಬದಲಾಯಿತು, ವಕೀಲರು ಬಂದರು. ಸುಧಾರಿತ ಆವೃತ್ತಿಯಲ್ಲಿ ಕಾರಿನ ಆಕಾರವನ್ನು ತಿದ್ದಿ, ಫೆರಾರಿಯ ಗುರುತುಗಳನ್ನು ಅಳಿಸಿ, ಫೆರಾರಿಯಂತೆ ಕಾಣುವ ಆದರೆ ಫೆರಾರಿಯಲ್ಲದ ಒಂದು ಕೆಂಪು ಕಾರನ್ನು ಇಡಲಾಗಿದೆ. ಚೆನ್ನಾಗಿಯೇ ಇದೆ. ಆದರೆ ಇದನ್ನು 'ಉಳಿಸುವುದು' ಅನ್ನುತ್ತಾರೆಯೇ? ಹಳಗನ್ನಡದ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸ ಒಂದು ಅಕ್ಷರ ಬದಲಿಸಬೇಕಾದರೂ ತಾಳೆಗರಿಯಲ್ಲಿದ್ದ ಪಾಠವನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. 'ನಾನು ಹೀಗೆ ತಿದ್ದಿದ್ದೇನೆ, ಮೂಲದಲ್ಲಿ ಹೀಗಿತ್ತು, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು' ಎಂಬುದು ಅವನ ಪ್ರಾಮಾಣಿಕತೆ. ಕಂಪೆನಿಗೆ ಅಂಥ ಅಡಿಟಿಪ್ಪಣಿಯ ಹಂಗಿಲ್ಲ. ಮುಂದಿನ ತಲೆಮಾರಿನ ಹುಡುಗ ಈ ತಿದ್ದಿದ ಕಾರನ್ನೇ ಅಸಲಿ ಎಂದುಕೊಂಡರೆ ಅವನ ತಪ್ಪೇನು?

ಎರಡನೆಯದು ಇದಕ್ಕಿಂತ ದೊಡ್ಡದು. ಪರವಾನಗಿ ಪಡೆದು ಮಾಡಿದರೆ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ಇದೇ ಪರಂಪರೆಯ 'ಔಟ್‌ರನ್ 2' 2003ರಲ್ಲಿ ಫೆರಾರಿಯ ಅಧಿಕೃತ ಒಪ್ಪಿಗೆಯೊಂದಿಗೆ ಬಂತು. ಅದರ ಮುಂದುವರಿದ ರೂಪವಾದ 'ಔಟ್‌ರನ್ ಆನ್‌ಲೈನ್ ಆರ್ಕೇಡ್' 2009ರಲ್ಲಿ ಮನೆಯ ಯಂತ್ರಗಳಿಗೆ ಇಳಿಸಿಕೊಳ್ಳುವ ರೂಪದಲ್ಲಿ ಬಂತು. ಮೂರು ವರ್ಷ ತುಂಬುವುದರೊಳಗೆ ಕಾರಿನ ಪರವಾನಗಿಯ ಅವಧಿ ಮುಗಿದು ಆಟ ಅಂಗಡಿಯಿಂದ ಮಾಯವಾಯಿತು. ಆಟ ಹಳಸಿರಲಿಲ್ಲ, ಆಡುವವರೂ ಇದ್ದರು; ತೀರಿಹೋದದ್ದು ಎರಡು ಕಂಪೆನಿಗಳ ನಡುವಿನ ಕಾಗದದ ಆಯುಸ್ಸು. ಪರವಾನಗಿ ಇಲ್ಲದ 1986ರ ಯಂತ್ರ ಇವತ್ತಿಗೂ ಎಲ್ಲೋ ಒಂದು ಮೂಲೆಯಲ್ಲಿ ಓಡುತ್ತಿದೆ. ಎಲ್ಲ ಕಾಗದಪತ್ರ ಸರಿಯಿದ್ದ 2009ರ ಆಟವನ್ನು ಕೊಳ್ಳಲು ದಾರಿಯಿಲ್ಲ.

ಮೂರನೆಯದು ಅಂಗಡಿಯದೇ ಕಥೆ. ತ್ರೀಡಿಎಸ್ ಯಂತ್ರಕ್ಕೆ ಆಟಗಳನ್ನು ಮಾರುತ್ತಿದ್ದ ನಿಂಟೆಂಡೊ ಕಂಪೆನಿಯ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ರಂದು ಹೊಸ ಮಾರಾಟ ನಿಲ್ಲಿಸಿತು. ಅಲ್ಲಿಂದಾಚೆಗೆ ಹಿಂದೆ ಕೊಂಡವರಿಗೆ ಮಾತ್ರ ಅದು ಉಂಟು. ಪರಂಪರೆಯನ್ನು ಉಳಿಸಿದ್ದೇವೆಂದು ಹೇಳಿಕೊಂಡ ಆವೃತ್ತಿ ಎಂಟೇ ವರ್ಷಕ್ಕೆ ತಾನೇ ಉಳಿಸಬೇಕಾದ ವಸ್ತುವಾಯಿತು!

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಅಕ್ಕನ ಮಗ ತಿಂಗಳುಗಟ್ಟಲೆ ಕೂಡಿಟ್ಟ ಹಣದಲ್ಲಿ ಕಾರಿನ ಆಟವೊಂದನ್ನು ಕೊಂಡು ಇಳಿಸಿಕೊಂಡಿದ್ದ. ಯಂತ್ರ ಕೆಟ್ಟು ಹೊಸದನ್ನು ತಂದಾಗ ಆಟ ಪಟ್ಟಿಯಲ್ಲೇ ಇರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರದ ಸಾರಾಂಶ ಇಷ್ಟು: ನಿಮಗೆ ನಾವು ಆಟವನ್ನು ಮಾರಿರಲಿಲ್ಲ, ಬಳಸಲು ಅನುಮತಿ ಮಾತ್ರ ಕೊಟ್ಟಿದ್ದೆವು. ಹುಡುಗ ಅಳಲಿಲ್ಲ, ಕೂಗಾಡಲಿಲ್ಲ. 'ಮಾಮೂ, ಬಾಡಿಗೆಗೆ ಕೊಡೋದು ಅಂತ ಮೊದಲೇ ಹೇಳಬಹುದಿತ್ತಲ್ಲ?' ಎಂದು ಕೇಳಿದ. ನಾವು ಉತ್ತರಿಸಲಿಲ್ಲ.

ಆ ಹುಡುಗನ ಪ್ರಶ್ನೆಯನ್ನೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನಾಗಿ ಮಾಡಿತು. ಕೊಂಡವರ ಕೈಯಿಂದ ಮರಳಿ ಕಿತ್ತುಕೊಳ್ಳಲು ಸಾಧ್ಯವಿರುವ ಡಿಜಿಟಲ್ ಸರಕಿನ ಮೇಲೆ, ಇದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ 'ಖರೀದಿಸಿ' ಎಂದು ಬರೆಯುವಂತಿಲ್ಲ. 2025ರ ಜನವರಿ 1ರಿಂದ ಇದು ಜಾರಿಗೆ ಬಂತು. ಸಣ್ಣ ಹೆಜ್ಜೆ, ಆದರೆ ಸರಿಯಾದ ಹೆಜ್ಜೆ. ಅದು ಸುಳ್ಳನ್ನು ನಿಲ್ಲಿಸುತ್ತದೆ, ಕಿತ್ತುಕೊಳ್ಳುವುದನ್ನಲ್ಲ. 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರಿನ ಆಟವನ್ನು ಅದರ ಮಾಲೀಕರಾದ ಯೂಬಿಸಾಫ್ಟ್ ಕಂಪೆನಿಯವರು 2024ರ ಮಾರ್ಚ್ 31ರಂದು ಸರ್ವರ್ ಆರಿಸಿ ಮುಗಿಸಿಬಿಟ್ಟರು. ಒಬ್ಬನೇ ಕುಳಿತು ಆಡಲೂ ಆ ಸರ್ವರ್ ಬೇಕಿತ್ತು. ಆದ್ದರಿಂದ ಡಿಸ್ಕ್ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರ ಬಳಿಯೂ ಉಳಿದದ್ದು ಪ್ಲಾಸ್ಟಿಕ್ ಬಿಲ್ಲೆ ಮಾತ್ರ. ಇದರಿಂದ ರೊಚ್ಚಿಗೆದ್ದವರು ಯುರೋಪಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಕಟ್ಟಿ, 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿ ಸಂಗ್ರಹಿಸಿದರು. ಆಟವನ್ನು ಮಾರಿದ ಮೇಲೆ ಅದು ಆಡಲು ಬಾರದಂತೆ ಮಾಡಬೇಡಿ ಎಂಬುದಷ್ಟೇ ಅವರ ಕೋರಿಕೆ.

'ಅಲ್ಲಾ ಮಾರಾಯರೇ, ಒಂದು ಆಟಕ್ಕೆ ಇಷ್ಟೊಂದು ರಂಪವೇ?' ಎನ್ನುವವರು ಇದ್ದಾರೆ. ಜನರಿಗೆ ನೀರಿಲ್ಲ, ಕೆಲಸವಿಲ್ಲ, ನಿಮಗೆ ವಿಡಿಯೋ ಗೇಮಿನ ಚಿಂತೆಯೇ ಎನ್ನುತ್ತಾರೆ. ಇದೇ ಮಾತನ್ನು ಒಂದು ಕಾಲದಲ್ಲಿ ಸಿನಿಮಾದ ಬಗ್ಗೆಯೂ ಆಡಲಾಗಿತ್ತು. ಫಲ ಏನಾಯಿತು? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ್ದು ಹೇಗೆ ಕೇಳಿಸಿತೆಂದು ತಿಳಿಯಲು ನಮಗೆ ಯಾವ ದಾರಿಯೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಹುಟ್ಟಿದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಆಗ ಅದನ್ನು ಬರಿಯ ಮನರಂಜನೆ ಎಂದು ಬಿಟ್ಟವರ ಮೇಲೆ ನಾವು ಈಗ ಸಿಟ್ಟಾಗುತ್ತೇವೆ. ನಮ್ಮ ಮೇಲೆ ಸಿಟ್ಟಾಗುವವರು ಈಗ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾರೆ.

ಹೋಲಿಕೆ ನಮ್ಮ ಕಲ್ಪನೆಯದಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂದು ಹೇಳಿತು. ಉಳಿದ ಪಾಲನ್ನು ಅವರು ಹೋಲಿಸಿದ್ದು ಅಮೆರಿಕದ ಮೂಕಿ ಚಿತ್ರಗಳಲ್ಲಿ ಉಳಿದುಕೊಂಡ ಪಾಲಿನೊಂದಿಗೆ. ಅಂದಮೇಲೆ ಔಟ್‌ರನ್‌ನಂಥ ಅದೃಷ್ಟಶಾಲಿ ಆಟವನ್ನು ಮುಂದೆ ತೋರಿಸಿ 'ಉಳಿಸಿದ್ದೇವೆ' ಎನ್ನುವುದು, ಊರಲ್ಲಿ ಒಬ್ಬ ಶ್ರೀಮಂತನ ಮನೆ ತೋರಿಸಿ ಬಡತನವೇ ಇಲ್ಲ ಎಂದಂತೆ. ಹೆಸರುಳ್ಳ ಆಟ ಮತ್ತೆ ಮತ್ತೆ ಬರುತ್ತದೆ, ಅದರಲ್ಲಿ ಲಾಭವಿದೆ. 2025ರಲ್ಲಿ ಔಟ್‌ರನ್ ಹೆಸರಿನಲ್ಲಿ ಹಾಲಿವುಡ್ ಚಿತ್ರವೊಂದನ್ನು ಮಾಡುವುದಾಗಿಯೂ ಯೂನಿವರ್ಸಲ್ ಸಂಸ್ಥೆ ಪ್ರಕಟಿಸಿತು. ಹೆಸರಿಲ್ಲದ ಆಟದ ಗತಿ ಏನು?

'ಕಂಪೆನಿ ಧರ್ಮಛತ್ರವಲ್ಲ, ಅದಕ್ಕೂ ಲಾಭ ಬೇಕಲ್ಲ' ಎಂಬುದು ಇನ್ನೊಂದು ವಾದ. ಒಪ್ಪೋಣ. ಮಾರಾಟದಲ್ಲಿರುವ ಆಟದ ಕಳ್ಳ ನಕಲನ್ನು ಮಾರುವವರ ಪರವಾಗಿ ನಾವಿಲ್ಲ. ದುಡಿದವರಿಗೆ ದುಡ್ಡು ಸೇರಬೇಕು. ಆದರೆ ಕಂಪೆನಿ ಮಾರುವುದನ್ನೇ ನಿಲ್ಲಿಸಿದ ಮೇಲೆ ಯಾವ ಲಾಭ, ಯಾರಿಗೆ ನಷ್ಟ? ಮಾರಾಟದಲ್ಲಿಲ್ಲದ ಆಟಗಳನ್ನು ಸಂಶೋಧಕರು ದೂರದಿಂದಲೇ ತೆರೆದು ನೋಡಲು ಬಿಡಿ ಎಂದು ಅಮೆರಿಕದ ಗ್ರಂಥಾಲಯಗಳು ಅಲ್ಲಿನ ಕಾಪಿರೈಟ್ ಕಚೇರಿಯನ್ನು ಕೇಳಿದವು. ಉದ್ಯಮದ ಸಂಘ ಅಡ್ಡಬಂತು. ಜನ ಸಂಶೋಧನೆಯ ನೆಪದಲ್ಲಿ ಮೋಜಿಗಾಗಿ ಆಡಿಬಿಟ್ಟಾರು ಎಂಬ ಭಯಕ್ಕೆ ಮಣೆ ಹಾಕಿ 2024ರ ಅಕ್ಟೋಬರ್‌ನಲ್ಲಿ ಕೋರಿಕೆಯನ್ನು ತಳ್ಳಿಹಾಕಲಾಯಿತು. ಗ್ರಂಥಾಲಯದಲ್ಲಿ ಕಾದಂಬರಿಯನ್ನು ಖುಷಿಗಾಗಿ ಓದಿದರೆ ಅಪರಾಧವೇ? ನಮಗೆ ಅರ್ಥವಾಗುವುದಿಲ್ಲ.

ಕಾನೂನು ಕಾಯಲು ಹೇಳುತ್ತದೆ. ಎಷ್ಟು ವರ್ಷ? ಕಂಪೆನಿಯ ಹೆಸರಿನಲ್ಲಿರುವ ಕೃತಿಗೆ ಜಪಾನಿನಲ್ಲಿ 70 ವರ್ಷದ ಹಕ್ಕು, ಅಮೆರಿಕದಲ್ಲಿ 95. ಲೆಕ್ಕ ಹಾಕಿ: 1986ರ ಔಟ್‌ರನ್ ಜನರದಾಗುವುದು ಜಪಾನಿನಲ್ಲಿ 2056 ಕಳೆದ ಮೇಲೆ, ಅಮೆರಿಕದಲ್ಲಿ 2081 ಕಳೆದ ಮೇಲೆ. ಪುಸ್ತಕವಾದರೆ ಅಷ್ಟು ದಿನ ಅಟ್ಟದ ಮೇಲಿದ್ದರೂ ಧೂಳು ಕೊಡವಿ ಓದಬಹುದು. ಯಂತ್ರ ಕಾಯುತ್ತದೆಯೇ? ಅದರ ಗಾಜಿನ ಪಿಕ್ಚರ್ ಟ್ಯೂಬು, ಮೋಟಾರು, ಬಿಡಿಭಾಗಗಳು ಸಿಗುವುದು ಈಗಲೇ ದುರ್ಲಭ. ಸೇಗಾದ ಆ ಕಾಲದ ಕೆಲವು ಯಂತ್ರಗಳಲ್ಲಿ ಇನ್ನೂ ವಿಚಿತ್ರವಾದ ಏರ್ಪಾಡಿತ್ತು: ನಕಲು ತಡೆಯಲು ಆಟದ ಗುಟ್ಟಿನ ಕೀಲಿಯನ್ನು ಒಂದು ಸಣ್ಣ ಬ್ಯಾಟರಿಯ ಆಧಾರದಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗಿ ಯಂತ್ರವೂ ಸತ್ತಂತೆ. ಆಟಗಾರರು ಅದನ್ನು 'ಆತ್ಮಹತ್ಯೆಯ ಬ್ಯಾಟರಿ' ಎಂದೇ ಕರೆಯುತ್ತಾರೆ. ಆ ಬೀಗವನ್ನು ಬಿಡಿಸಿ ಆಟಗಳನ್ನು ಉಳಿಸಿದವರು ಕಂಪೆನಿಯವರಲ್ಲ. 1997ರಲ್ಲಿ ಶುರುವಾದ 'ಮೇಮ್' ಯೋಜನೆಯಂಥ ಕಡೆ ಸಂಬಳವಿಲ್ಲದೆ ದುಡಿದ ಉತ್ಸಾಹಿಗಳು. ಔಟ್‌ರನ್‌ನ ಒಳಗನ್ನೇ ಸಾಲುಸಾಲಾಗಿ ಬಿಡಿಸಿ ಓದಿ, 'ಕ್ಯಾನನ್‌ಬಾಲ್' ಎಂಬ ಹೆಸರಿನಲ್ಲಿ ಹೊಸ ಕಂಪ್ಯೂಟರುಗಳಲ್ಲಿ 60 ಚಿತ್ರಗಳ ವೇಗದಲ್ಲಿ ಓಡುವಂತೆ ಮಾಡಿ, ಅದರ ಬರಹವನ್ನು ಎಲ್ಲರಿಗೂ ತೆರೆದಿಟ್ಟದ್ದೂ ಇಂಥ ಉತ್ಸಾಹಿಗಳ ಕೆಲಸವೇ. ಕಂಪೆನಿ ಮಾಡಿದರೆ ಪರಂಪರೆ, ಜನ ಮಾಡಿದರೆ ಸಂದೇಹ! ಅತ್ತ ಸೇಗಾ ತನ್ನ ಆರ್ಕೇಡ್ ಅಂಗಡಿಗಳ ಬಹುಪಾಲನ್ನು 2020ರಲ್ಲಿ ಮಾರಿತು. 2022ರಲ್ಲಿ ಉಳಿದ ಪಾಲನ್ನೂ ಮಾರಿದ ಮೇಲೆ ಜಪಾನಿನ ಆ ಅಂಗಡಿಗಳ ಫಲಕದಿಂದ ಸೇಗಾ ಎಂಬ ಹೆಸರೇ ಇಳಿಯಿತು.

ಇದು ದೂರದ ಊರಿನ ಜಗಳವೆಂದು ಸುಮ್ಮನಿರುವಂತೆಯೂ ಇಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಮೈಕ್ರೋಸಾಫ್ಟಿನ 'ಫೋರ್ಜಾ' ಕಾರು ಆಟಗಳ ಸರಣಿಗೆ ಕೆಲಸ ಮಾಡಿದವರು. ಆ ಸರಣಿಯ 'ಫೋರ್ಜಾ ಹೊರೈಜನ್ 4' 2018ರಲ್ಲಿ ಬಂದು, ಪರವಾನಗಿಗಳ ಅವಧಿ ತೀರಿದ್ದರಿಂದ 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ಹೊರಬಿತ್ತು. ಆರು ವರ್ಷದ ಬಾಳು. ಕಾರು ಆಟಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರು ನಾಳೆ ತಮ್ಮ ಮಕ್ಕಳಿಗೆ 'ಈ ಕಾರು ಬಿಡಿಸಿದ್ದು ನಾನು' ಎಂದು ತೋರಿಸಬೇಕೆಂದರೆ ತೋರಿಸಲು ಏನಿರುತ್ತದೆ? 1980ರ ದಶಕದಲ್ಲಿ ಜಪಾನಿನ ಅನೇಕ ಕಂಪೆನಿಗಳು, ಎದುರಾಳಿಗಳು ಎಳೆದುಕೊಂಡಾರೆಂಬ ಭಯದಿಂದ, ಆಟ ಮಾಡಿದವರ ಹೆಸರನ್ನೇ ಹಾಕುತ್ತಿರಲಿಲ್ಲ. ಆಗ ಹೆಸರನ್ನು ಅಳಿಸಿದರು. ಈಗ ಕೆಲಸವನ್ನೇ ಅಳಿಸುತ್ತಾರೆ.

ನಾವು ಕೇಳುವುದು ಆಕಾಶದ ನಕ್ಷತ್ರವನ್ನೇನಲ್ಲ. ಬಾಡಿಗೆಯಾದರೆ ಬಾಡಿಗೆ ಎಂದು ಮುಖದ ಮೇಲೆ ಬರೆಯಿರಿ. ಸುಧಾರಿಸಿದರೆ ಏನನ್ನು ತಿದ್ದಿದಿರಿ, ಏನನ್ನು ತೆಗೆದಿರಿ ಎಂಬ ಪಟ್ಟಿಯನ್ನು ಆಟದೊಳಗೇ ಇಡಿ. ಮೂಲವನ್ನು ಮಾಡಿದವರ ಹೆಸರುಗಳನ್ನು, ಅಂದು ಹಾಕದೇ ಹೋದದ್ದನ್ನೂ ಸೇರಿಸಿ, ಹಾಕಿ. ನಮ್ಮ ದೇಶದಲ್ಲಿ 1954ರ ಕಾಯಿದೆಯ ಪ್ರಕಾರ ಪ್ರತಿ ಪುಸ್ತಕದ ಪ್ರತಿಗಳನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತಲುಪಿಸಬೇಕು. ಆಟಕ್ಕೆ ಆ ನಿಯಮ ಯಾಕಿರಬಾರದು? ಇಲ್ಲಿ ಮಾರುವ, ಇಲ್ಲಿ ತಯಾರಾಗುವ ಆಟದ ಒಂದು ಪ್ರತಿ, ಸರ್ವರ್ ಬೇಕಿದ್ದರೆ ಅದೂ ಸೇರಿ, ಸಾರ್ವಜನಿಕ ಭಂಡಾರಕ್ಕೆ ಸಲ್ಲಲಿ. ಕಂಪೆನಿ ಮಾರಾಟ ನಿಲ್ಲಿಸಿದ ದಿನದಿಂದ ಗ್ರಂಥಾಲಯದ ಬಾಗಿಲು ತೆರೆಯಲಿ. ಇದರಿಂದ ಯಾರ ಗಲ್ಲಾಪೆಟ್ಟಿಗೆಗೂ ಒಂದು ಕಾಸಿನ ನಷ್ಟವಿಲ್ಲ.

ಸುಧಾರಿತ ಆವೃತ್ತಿ ಬರಲಿ. ಚೆನ್ನಾಗಿದ್ದರೆ ನಾವೇ ದುಡ್ಡು ಕೊಟ್ಟು ಆಡೋಣ. ಎಂ-ಟೂ ಮಾಡಿದಂಥ ಕೆಲಸಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಕೀಲಿಕೈ ಒಬ್ಬ ಸಾಹುಕಾರನ ಸೊಂಟದಲ್ಲಿರುವ ಉಗ್ರಾಣವನ್ನು ಗ್ರಂಥಾಲಯವೆಂದು ಕರೆಯಬೇಡಿ. ಬೇಕೆಂದಾಗ ತೆಗೆದು, ಬೇಡವೆಂದಾಗ ಮುಚ್ಚುವ ಬಾಗಿಲಿಗೆ ಪರಂಪರೆಯ ಹೆಸರು ಬೇಡ. ಮೊದಲು ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಕೊಡಿ.